ಬಡಿಸಿದವನ ಎಲೆಯಲ್ಲಿ ಎಷ್ಟಿತ್ತು?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರು ಗುಟ್ಟಾಗಿ ಮತ ಹಾಕಿ, ತಮ್ಮ ನಡುವಿನ ಅತಿ ‘ಓವರ್‌ರೇಟೆಡ್’ (ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ) ಆಟಗಾರ ಟೈರೀಸ್ ಹ್ಯಾಲಿಬರ್ಟನ್ ಎಂದು ತೀರ್ಪು ಕೊಟ್ಟ ಕಥೆ ಬ್ಯಾಸ್ಕೆಟ್‌ಬಾಲ್ ನೋಡುವವರಿಗೆಲ್ಲ ಬಾಯಿಪಾಠವಾಗಿದೆ. ಕ್ರೀಡಾ ಸುದ್ದಿತಾಣ ‘ದಿ ಅಥ್ಲೆಟಿಕ್’ ನಡೆಸಿದ ಆ ಮತದಾನದಲ್ಲಿ ಮತ ಹಾಕಿದವರ ಹೆಸರು ಹೊರಗೆ ಬರುವುದಿಲ್ಲವಾದ್ದರಿಂದ ಯಾರ ಧೈರ್ಯಕ್ಕೂ ಕೊರತೆಯಿರಲಿಲ್ಲ. ಇಂಡಿಯಾನಾ ಪೇಸರ್ಸ್ ತಂಡದ ಆಟ ಕಟ್ಟಿ ಚೆಂಡು ಹಂಚುವ ಈ ಪಾಯಿಂಟ್ ಗಾರ್ಡ್‌ಗೆ ಬಿದ್ದ ಮತ ಶೇ 14.4. ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಮತ ಬೀಳದ ಅಭ್ಯರ್ಥಿಯ ಠೇವಣಿ ಮುಟ್ಟುಗೋಲಾಗುತ್ತದೆ. ಠೇವಣಿಯನ್ನೂ ಉಳಿಸಿಕೊಳ್ಳಲಾಗದಷ್ಟು ಮತಗಳಿಂದ ಒಬ್ಬ ಮನುಷ್ಯ ಇಡೀ ಲೀಗಿನ ಅಪಖ್ಯಾತಿಗೆ ಆರಿಸಿ ಬಂದದ್ದನ್ನು ಅಮೆರಿಕದ ಟಿವಿ ಪಂಡಿತರು ‘ಆಟಗಾರರ ಒಮ್ಮತ’ ಎಂಬಂತೆ ವಾರಗಟ್ಟಲೆ ಚರ್ಚಿಸಿದರು.

ಈ ಪಂಡಿತರ ಶ್ರಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ಶ್ರೇಷ್ಠ ಪಾಯಿಂಟ್ ಗಾರ್ಡ್ ಎಂದರೆ ಯಾರು ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ದಣಿವಿಲ್ಲದೆ ಅರೆದು, ಒಂದು ತೊಟ್ಟು ರಸವೂ ಹೊರಡದಂತೆ ನೋಡಿಕೊಳ್ಳುವುದು ಸಾಮಾನ್ಯ ಸಾಧನೆಯಲ್ಲ. ಅವರ ಬಳಿ ‘ಅಪ್ಪಟ ಪಾಯಿಂಟ್ ಗಾರ್ಡ್’ ಎಂಬ ಒಂದು ಅಚ್ಚಿದೆ. ಅದರೊಳಗೆ ಇದುವರೆಗೆ ಬದುಕಿದ ಯಾವ ಪಾಯಿಂಟ್ ಗಾರ್ಡ್ ಕೂಡ ಹಿಡಿಸಿಲ್ಲ ಎಂಬುದೇ ಅದರ ವೈಶಿಷ್ಟ್ಯ. ಲೇಕರ್ಸ್ ತಂಡಕ್ಕೆ ಐದು ಪ್ರಶಸ್ತಿ ತಂದುಕೊಟ್ಟ ಮ್ಯಾಜಿಕ್ ಜಾನ್ಸನ್ 6 ಅಡಿ 9 ಅಂಗುಲ ಎತ್ತರವಿದ್ದರು, ಆದ್ದರಿಂದ ಅವರು ಪಾಯಿಂಟ್ ಗಾರ್ಡೇ ಅಲ್ಲ, ಚೆಂಡು ಪುಟಿಸಲು ಬರುತ್ತಿದ್ದ ಫಾರ್ವರ್ಡ್. ಗುರಿಯಿಟ್ಟು ಹೊಡೆಯುವುದರಲ್ಲಿ ಸ್ಟೀಫನ್ ಕರಿಯವರನ್ನು ಮೀರಿಸಿದವರಿಲ್ಲ, ಆದ್ದರಿಂದಲೇ ಅವರೂ ಅಲ್ಲ. ಒಂದೇ ಸೀಸನ್ನಿನಲ್ಲಿ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕಿದ, ಮೂರು ಅಂಕದ ಬುಟ್ಟಿ) ಹಾಕಿದವನಿಗೆ ಪಾಸ್ ಕೊಡಲು ಪುರುಸೊತ್ತೆಲ್ಲಿ? 2005 ಮತ್ತು 2006ರಲ್ಲಿ ಸತತ ಎರಡು ಬಾರಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ ಸ್ಟೀವ್ ನ್ಯಾಶ್ ಎದುರಾಳಿಯನ್ನು ತಡೆಯುವುದರಲ್ಲಿ ಹಿಂದೆ, ತಂಡಕ್ಕೆ ಲೀಗ್ ಪ್ರಶಸ್ತಿಯನ್ನಂತೂ ಗೆದ್ದುಕೊಡಲೇ ಇಲ್ಲ. ಹಾಗಾದರೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಂತೆಯೇ ಮಾಡಿದ ಜಾನ್ ಸ್ಟಾಕ್ಟನ್? ಯೂಟಾ ಜಾಝ್ ತಂಡಕ್ಕೆ 19 ಸೀಸನ್ ಆಡಿ, ಅಷ್ಟರಲ್ಲಿ ತಪ್ಪಿಸಿಕೊಂಡದ್ದು ಒಟ್ಟು 22 ಪಂದ್ಯ. ಕೊಟ್ಟ ಅಸಿಸ್ಟ್, ಅಂದರೆ ಜೊತೆಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್, 15,806. ಪಂಡಿತರು ಒಂದು ಕ್ಷಣ ತಲೆದೂಗಿ, ನಿಟ್ಟುಸಿರು ಬಿಟ್ಟು, ‘ಆದರೆ ಚಾಂಪಿಯನ್ನರ ಉಂಗುರವಿಲ್ಲವಲ್ಲ’ ಎನ್ನುತ್ತಾರೆ. 1997 ಮತ್ತು 1998ರ ಫೈನಲ್ಸ್‌ನಲ್ಲಿ ಎದುರಿಗಿದ್ದವರು ಮೈಕಲ್ ಜೋರ್ಡನ್ ಎಂಬುದು ಸ್ಟಾಕ್ಟನ್ ಅವರ ಚಾರಿತ್ರ್ಯದ ದೋಷವಾಗಿ ದಾಖಲಾಗುತ್ತದೆ. ಕನ್ಯೆ ನೋಡಲು ಹೋದಲ್ಲೆಲ್ಲ ಏನಾದರೊಂದು ಐಬು ಹೇಳಿ ಉಪ್ಪಿಟ್ಟು ಕೇಸರಿಬಾತು ತಿಂದು ಬರುವ ದೂರದ ಚಿಕ್ಕಪ್ಪನೊಬ್ಬ ಎಲ್ಲ ಮನೆತನಗಳಲ್ಲೂ ಇರುತ್ತಾನೆ. ಅವನಿಗೆ ಮದುವೆ ಆಗಬೇಕಾಗಿಲ್ಲ, ನೋಡುವ ಶಾಸ್ತ್ರ ನಡೆಯುತ್ತಿರಬೇಕು.

ಅಸಿಸ್ಟ್ ಎಂದೆನಲ್ಲ, ಅದರ ಲೆಕ್ಕದ ಚೋದ್ಯವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಒಳ್ಳೆಯ ಬಡಿಸುವವನನ್ನು ಗುರುತಿಸುವುದು ನಮಗೆ ಕಷ್ಟವಲ್ಲ. ಯಾರ ಎಲೆಯಲ್ಲಿ ಅನ್ನ ಮುಗಿಯುತ್ತಿದೆ, ಯಾವ ಮಗುವಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬರುತ್ತಿದೆ, ಯಾವ ಹಿರಿಯರು ಸಂಕೋಚಕ್ಕೆ ಬೇಡವೆನ್ನುತ್ತಾರೆ, ಯಾರು ನಿಜವಾಗಿಯೂ ಬೇಡವೆನ್ನುತ್ತಾರೆ ಎಂಬುದೆಲ್ಲ ಅವರು ತಲೆಯೆತ್ತುವ ಮೊದಲೇ ಅವನಿಗೆ ತಿಳಿದಿರುತ್ತದೆ. ಅವನ ಕೈಯಲ್ಲಿ ಹೋಳಿಗೆಯ ತಟ್ಟೆಯಿದ್ದರೆ ಇಡೀ ಸಾಲೇ ಒಂದು ಲಯದಲ್ಲಿ ಉಣ್ಣುತ್ತದೆ. ಪಾಯಿಂಟ್ ಗಾರ್ಡ್ ಮಾಡುವ ಕೆಲಸವೂ ಇದೇ. ಒಂದು ದಾಳಿಗೆ ಸಿಗುವ 24 ಸೆಕೆಂಡುಗಳಲ್ಲಿ, ಎದುರಾಳಿಗಳು ಕೈ ಹಿಡಿದೆಳೆಯುತ್ತಿರುವಾಗ, ಇನ್ನೂ ಆ ಜಾಗಕ್ಕೆ ಬಂದಿರದ ಜೊತೆಗಾರನ ಕೈಗೆ ಚೆಂಡು ಮುಟ್ಟಿಸುವುದು. ಇಂಥವನನ್ನು ಅಳೆಯಲು ಎನ್‌ಬಿಎ ಕಂಡುಕೊಂಡ ದಾರಿ ಏನೆಂದರೆ, ಅತಿಥಿ ತಿಂದ ಹೋಳಿಗೆಗಳನ್ನು ಎಣಿಸುವುದು. ಅತಿಥಿ ಹೋಳಿಗೆಯನ್ನು ತಿನ್ನದೆ ಎಲೆಯಲ್ಲೇ ಬಿಟ್ಟರೆ ಬಡಿಸಿದವನ ಖಾತೆಗೆ ಸೊನ್ನೆ, ಏಕೆಂದರೆ ಜೊತೆಗಾರ ಹೊಡೆದ ಚೆಂಡು ಬ್ಯಾಸ್ಕೆಟ್ಟಿಗೆ ಬೀಳದಿದ್ದರೆ ಎಂಥ ಚೆಂದದ ಪಾಸ್ ಆದರೂ ಅಸಿಸ್ಟ್ ಅಲ್ಲ. ಅತಿಥಿ ತುತ್ತು ಬಾಯಿಗಿಡುವಾಗ ಪಕ್ಕದವನು ಮೊಣಕೈ ತಿವಿದರೆ ಆಗಲೂ ಸೊನ್ನೆ, ಏಕೆಂದರೆ ಫೌಲ್ ಆಗಿ ಫ್ರೀ ಥ್ರೋದಲ್ಲಿ ಬಂದ ಅಂಕಗಳಿಗೆ ಅಸಿಸ್ಟ್ ಸಲ್ಲುವುದಿಲ್ಲ. ನೀವು ಇಡೀ ರಕ್ಷಣಾ ವ್ಯೂಹವನ್ನು ಒಡೆದು ಪಾತ್ರೆಯನ್ನು ಮತ್ತೊಬ್ಬನ ಕೈಗೆ ದಾಟಿಸಿ, ಅವನು ಪಕ್ಕದ ಎಲೆಗೆ ಬಡಿಸಿದರೆ ಕೀರ್ತಿಯೆಲ್ಲ ಅವನದು. ಇದರ ಮೇಲೆ, ಬಡಿಸಿದ್ದು ‘ನೇರವಾಗಿ’ ಬಾಯಿಗೆ ಹೋಯಿತೋ ಇಲ್ಲವೋ ಎಂದು ತೀರ್ಮಾನಿಸಲು ಕೋರ್ಟಿನ ಅಂಚಿನ ಮೇಜಿನಲ್ಲಿ ಒಬ್ಬ ಲೆಕ್ಕಿಗ ಕುಳಿತಿರುತ್ತಾನೆ, ಮತ್ತು ಆತ ಆತಿಥೇಯ ತಂಡದ ಊರಿನವನೇ ಆಗಿರುವುದು ವಾಡಿಕೆ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದರು; ಲೆಕ್ಕ ಬರೆಯುವವನು ನಮ್ಮವನಾದರೆ ಬಡಿಸುವವನಿಗೂ ಚಿಂತೆಯಿಲ್ಲ ಎಂಬ ಅರ್ಧವನ್ನು ಸೇರಿಸಲು ಮರೆತಿದ್ದರು.

ಈ ಲೆಕ್ಕದ ಮೇಲೆ ಸಿಟ್ಟಾಗಿ ಪಂಡಿತರು ಅಂಕಿಗಳನ್ನೇ ಬಿಟ್ಟಿದ್ದಾರೆಂದು ತಿಳಿಯಬೇಡಿ. ಅಂಕಿ ಅವರಿಗೆ ಬೇಕಾದಾಗ ವೇದ, ಬೇಡವಾದಾಗ ಮಾಯೆ. 1961-62ರ ಸೀಸನ್ನಿನಲ್ಲಿ ಆಸ್ಕರ್ ರಾಬರ್ಟ್‌ಸನ್ ಪಂದ್ಯವೊಂದಕ್ಕೆ ಸರಾಸರಿ 30.8 ಅಂಕ, 12.5 ರಿಬೌಂಡ್ (ಬುಟ್ಟಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಮತ್ತು 11.4 ಅಸಿಸ್ಟ್ ಗಳಿಸಿದರು. ಮೂರು ಲೆಕ್ಕಗಳಲ್ಲೂ ಎರಡಂಕಿ ಮುಟ್ಟುವುದಕ್ಕೆ ಟ್ರಿಪಲ್ ಡಬಲ್ ಎಂಬ ಮಾತೇ ಆಗ ಚಾಲ್ತಿಯಲ್ಲಿರಲಿಲ್ಲವಾದ್ದರಿಂದ ಯಾರೂ ಮೂರ್ಛೆ ಹೋಗಲಿಲ್ಲ. ಆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬಿಲ್ ರಸೆಲ್ ಅವರಿಗೆ ಹೋಯಿತು. ಮುಂದೆ ದಶಕಗಳ ಕಾಲ ಅದೇ ಸಾಧನೆ ಮನುಷ್ಯಮಾತ್ರರಿಗೆ ಅಸಾಧ್ಯವಾದ ಪವಾಡವೆಂದು ಪೂಜೆ ಪಡೆಯಿತು. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಅದನ್ನೇ ಮಾಡಿ ತೋರಿಸಿದರು, ಅತ್ಯುತ್ತಮ ಆಟಗಾರನ ಪ್ರಶಸ್ತಿಯನ್ನೂ ಪಡೆದರು, ಮುಂದೆ ಇನ್ನೂ ಮೂರು ಸೀಸನ್‌ಗಳಲ್ಲಿ ಮತ್ತೆ ಮತ್ತೆ ಮಾಡಿದರು. ಆಗ ಗೊತ್ತಾಯಿತು, ಅದು ಪವಾಡವೇ ಅಲ್ಲ, ಅಂಕಿ ಕೂಡಿಹಾಕುವ ಜಿಪುಣನ ಚಟ. ರಾಬರ್ಟ್‌ಸನ್ ಅವರ ಸಿನ್ಸಿನಾಟಿ ತಂಡವೂ ವೆಸ್ಟ್‌ಬ್ರೂಕ್ ಅವರ ಒಕ್ಲಹೋಮ ತಂಡವೂ ಆಯಾ ವರ್ಷದ ಪ್ಲೇಆಫ್‌ನ, ಅಂದರೆ ಸೀಸನ್ನಿನ ಕೊನೆಯ ನಾಕೌಟ್ ಸರಣಿಗಳ, ಮೊದಲ ಸುತ್ತಿನಲ್ಲೇ ಮನೆಗೆ ಹೋಗಿದ್ದವು. ಒಬ್ಬರ ಸೋಲಿಗೆ ಕಾರಣ ಜೊತೆಗಾರರು, ಇನ್ನೊಬ್ಬರ ಸೋಲಿಗೆ ಕಾರಣ ಅವರೇ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೆ? ಇಷ್ಟಾಗುವಷ್ಟರಲ್ಲಿ ಡೆನ್ವರ್‌ನ ನಿಕೊಲಾ ಯೊಕಿಚ್ ಎಂಬ ಭಾರಿ ಗಾತ್ರದ ಸೆಂಟರ್ (ಬುಟ್ಟಿಯ ಬಳಿ ಆಡುವವನು) 2024-25ರಲ್ಲಿ ಪಂದ್ಯಕ್ಕೆ ಸರಾಸರಿ ಹತ್ತಕ್ಕೂ ಹೆಚ್ಚು ಅಸಿಸ್ಟ್ ಕೊಟ್ಟು, ಪಾಯಿಂಟ್ ಗಾರ್ಡ್ ಎಂಬ ಹುದ್ದೆಗೇ ಎಸರು ತಂದಿಟ್ಟರು. ಅವರ ಬಗ್ಗೆ ಪಂಡಿತರು ಇನ್ನೂ ಶಾಸ್ತ್ರ ನೋಡುತ್ತಿದ್ದಾರೆ.

ಹ್ಯಾಲಿಬರ್ಟನ್ ಅವರ ಕಡೆಗೆ ಬರೋಣ. ಮತದಾನದ ಫಲಿತಾಂಶ ಹೊರಬಿದ್ದಾಗ ಪ್ಲೇಆಫ್ ಆಗಷ್ಟೇ ಶುರುವಾಗಿತ್ತು. ಮಿಲ್ವಾಕೀ, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಒಕ್ಲಹೋಮ ಸಿಟಿ ಎಂದು ನಾಲ್ಕು ಸುತ್ತು, ನಾಲ್ಕರಲ್ಲೂ ಕೊನೆಯ ಗಳಿಗೆಯಲ್ಲಿ ಪಂದ್ಯವನ್ನು ಗೆಲ್ಲಿಸಿದ ಅಥವಾ ಉಳಿಸಿದ ಬುಟ್ಟಿ ಅವರದ್ದೇ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರ ಚೆಂಡು ರಿಂಗಿಗೆ ಬಡಿದು, ಮಾಳಿಗೆ ಮುಟ್ಟುವಂತೆ ಮೇಲಕ್ಕೆ ಹಾರಿ, ಯೋಚಿಸಿ ನೋಡಿ ಒಳಕ್ಕೆ ಬಿದ್ದಾಗ, ಅದು ಮೂರು ಅಂಕದ ಹೊಡೆತವೆಂದೇ ತಿಳಿದು ಎದುರಾಳಿಗಳು ಒತ್ತಡಕ್ಕೆ ಉಸಿರುಗಟ್ಟಿದರೆಂದು ಅಣಕಿಸುತ್ತ ತಮ್ಮ ಕತ್ತನ್ನೇ ಹಿಡಿದುಕೊಳ್ಳುವ ಸನ್ನೆ ಮಾಡಿ ಕುಣಿದರು. ಕಾಲು ಗೆರೆಯ ಮೇಲಿತ್ತು, ಸಿಕ್ಕಿದ್ದು ಎರಡೇ ಅಂಕ, ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅದನ್ನೂ ಅವರ ತಂಡವೇ ಗೆದ್ದಿತು. ಪಂಡಿತರು ಗೆಲುವನ್ನು ಬದಿಗಿಟ್ಟು ಸನ್ನೆಯ ಔಚಿತ್ಯವನ್ನು ಕುರಿತು ಮಾತಾಡಿದರು. ಅದೇ ಸರಣಿಯ ನಾಲ್ಕನೆಯ ಪಂದ್ಯದಲ್ಲಿ 32 ಅಂಕ, 15 ಅಸಿಸ್ಟ್, 12 ರಿಬೌಂಡ್ ಗಳಿಸಿ ಒಂದೇ ಒಂದು ಬಾರಿಯೂ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡದಿದ್ದಾಗ ಸನ್ನೆಗಳೇನೂ ಇರಲಿಲ್ಲವಾದ್ದರಿಂದ ಚರ್ಚೆ ಬೇಗ ಮುಗಿಯಿತು.

ಫೈನಲ್ಸ್‌ನ ಮೊದಲ ಪಂದ್ಯ ನಮ್ಮಲ್ಲಿ ಜೂನ್ 6ರ ಬೆಳಿಗ್ಗೆ ಆರು ಗಂಟೆಗೆ ಶುರುವಾಗಿತ್ತು. ಇಡೀ ಪಂದ್ಯದಲ್ಲಿ ಒಮ್ಮೆಯೂ ಮುಂದಿಲ್ಲದಿದ್ದ ಪೇಸರ್ಸ್, ಇನ್ನು 0.3 ಸೆಕೆಂಡು ಉಳಿದಿರುವಾಗ ಹ್ಯಾಲಿಬರ್ಟನ್ ಹೊಡೆದ ಚೆಂಡಿನಿಂದ 111-110ಕ್ಕೆ ಗೆದ್ದಾಗ ನನ್ನ ಕೈಯಲ್ಲಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ಅಂದಿನ ಚರ್ಚೆಯನ್ನೂ ಕುತೂಹಲದಿಂದ ಕೇಳಿದೆ. ಕೊನೆಯ ಹೊಡೆತ ಸರಿ, ಆದರೆ ಅಲ್ಲಿಯವರೆಗೆ ಆತ ಏನು ಮಾಡುತ್ತಿದ್ದ, ತಾನೇ ಹೊಡೆಯದೆ ಎಲ್ಲರಿಗೂ ಚೆಂಡು ಹಂಚುತ್ತಿದ್ದನಲ್ಲ ಎಂಬುದು ಅದರ ಸಾರ. ಕರಿಯವರು ಹೊಡೆಯುತ್ತಾರೆ, ಆದ್ದರಿಂದ ಅಪ್ಪಟ ಪಾಯಿಂಟ್ ಗಾರ್ಡ್ ಅಲ್ಲ. ಹ್ಯಾಲಿಬರ್ಟನ್ ಹಂಚುತ್ತಾರೆ, ಆದ್ದರಿಂದ ತಾರೆ ಅಲ್ಲ. ಇದನ್ನು ಕೇಳಿಸಿಕೊಂಡವನು ಆ ಕಾಫಿಯನ್ನೇ ಬಿಸಿ ಮಾಡಿಕೊಂಡು ಕುಡಿದು ಕೆಲಸಕ್ಕೆ ಹೋದೆ.

ಏಳನೆಯ ಪಂದ್ಯದ ವಿಷಯದಲ್ಲಿ ನನಗೆ ತಮಾಷೆ ಮಾಡಲು ಬರುತ್ತಿಲ್ಲ. ಐದನೆಯ ಪಂದ್ಯದಲ್ಲೇ ಅವರ ಮೀನಖಂಡ ಉಳುಕಿತ್ತು, ಅದರೊಂದಿಗೇ ಆರನೆಯದನ್ನು ಆಡಿದರು, ಏಳನೆಯದಕ್ಕೂ ಇಳಿದರು. ಏಳು ನಿಮಿಷದಲ್ಲಿ ಮೂರು ತ್ರೀ ಪಾಯಿಂಟರ್ ಹಾಕಿದ ಮೇಲೆ, ಯಾರೂ ಮುಟ್ಟದೆಯೇ ಕುಸಿದರು. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ನೆಲವನ್ನು ಅಂಗೈಯಿಂದ ಬಡಿಯುತ್ತಿದ್ದ ಆ ಮನುಷ್ಯನ ಮುಖವನ್ನು ಚಾನೆಲ್ಲುಗಳು ನಿಧಾನಗತಿಯಲ್ಲಿ, ಹತ್ತಿರದಿಂದ, ಎಷ್ಟು ಸಲ ತೋರಿಸಿದವೋ ಲೆಕ್ಕವಿಲ್ಲ. ಪೇಸರ್ಸ್ 103-91ಕ್ಕೆ ಸೋತಿತು. ಅದೇ ಪ್ಲೇಆಫ್‌ನಲ್ಲಿ ಅಕಿಲಿಸ್ ಹರಿದುಕೊಂಡ ಡೇಮಿಯನ್ ಲಿಲಾರ್ಡ್, ಜೇಸನ್ ಟೇಟಮ್ ಮತ್ತು ಹ್ಯಾಲಿಬರ್ಟನ್ ಮೂವರೂ ಸೊನ್ನೆ ಸಂಖ್ಯೆಯ ಅಂಗಿ ತೊಟ್ಟವರು ಎಂಬ ಮಹಾಸಂಶೋಧನೆ ಆಗ ಹೊರಬಂತು. ರಾಹುಕಾಲ ನೋಡಿ ಬಸ್ಸು ಹತ್ತುವ ನಮ್ಮವರನ್ನು ನೋಡಿ ನಗುವ ದೇಶದಲ್ಲಿ, 82 ಪಂದ್ಯಗಳ ಸೀಸನ್ನಿನ ಮೇಲೆ ಎರಡು ತಿಂಗಳ ಪ್ಲೇಆಫ್ ಹೇರಿದರೆ ಕಾಲು ಏನಾಗುತ್ತದೆ ಎಂದು ಕೇಳುವುದಕ್ಕಿಂತ ಸೊನ್ನೆಯ ಶಾಪವನ್ನು ಮಾತಾಡಿಕೊಳ್ಳುವುದು ಸಲೀಸಾಗಿತ್ತು. ಪಂದ್ಯ ಕಡಿಮೆ ಮಾಡಿದರೆ ಟಿಕೆಟ್ಟಿನ ದುಡ್ಡು ಕಡಿಮೆಯಾಗುತ್ತದೆ, ಪ್ರಸಾರದ ದುಡ್ಡು ಕಡಿಮೆಯಾಗುತ್ತದೆ. ಆಟಗಾರ ನೋವೆಂದು ಒಂದು ದಿನ ಕುಳಿತರೆ, 1988ರ ಫೈನಲ್ಸ್‌ನಲ್ಲಿ ಉಳುಕಿದ ಕಾಲಿನಲ್ಲಿ ಒಂದೇ ಕ್ವಾರ್ಟರಿಗೆ 25 ಅಂಕ ಹೊಡೆದ ಐಸಾಯಾ ಥಾಮಸ್ ಅವರ ಉದಾಹರಣೆ ಕೊಟ್ಟು ಇಂದಿನವರಿಗೆ ಗಂಡಸುತನವಿಲ್ಲ ಎನ್ನುತ್ತಾರೆ. ಹಾಗೆಯೇ ಆಡಿ ಕಾಲು ಕಳೆದುಕೊಂಡರೆ, ಆಡಬಾರದಿತ್ತು ಎನ್ನುತ್ತಾರೆ. ಎರಡನ್ನೂ ಹೇಳುವ ಬಾಯಿಗಳು ಒಂದೇ, ಎರಡಕ್ಕೂ ಅವರಿಗೆ ಸಂಬಳ ಬರುತ್ತದೆ. ಇದನ್ನು ಕೇಳಿ ಕೇಳಿ ಸಾಕಾಗಿದೆ.

2025-26ರ ಸೀಸನ್ ಪೂರ್ತಿ ಹ್ಯಾಲಿಬರ್ಟನ್ ಆಡುವುದಿಲ್ಲವೆಂದು ತಂಡ ಜುಲೈನಲ್ಲೇ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾದ ಕೆಲವೇ ವಾರಗಳಲ್ಲಿ, ನಾಲ್ಕು ತಿಂಗಳ ಹಿಂದೆ ಫೈನಲ್ಸ್‌ನ ಏಳನೆಯ ಪಂದ್ಯದವರೆಗೆ ಹೋಗಿದ್ದ ಪೇಸರ್ಸ್ ಅಂಕಪಟ್ಟಿಯ ತಳಕ್ಕೆ ಇಳಿಯಿತು. ಸೆಂಟರ್ ಮೈಲ್ಸ್ ಟರ್ನರ್ ಮಿಲ್ವಾಕೀಗೆ ಹೋದರು, ಉಳಿದವರಿಗೂ ಗಾಯಗಳಾದವು, ಅವೆಲ್ಲ ನಿಜವಾದ ಕಾರಣಗಳೇ. ಆದರೆ ಹಿಂದಿನ ವರ್ಷ ಬಿಡುವಾಗಿ ನಿಂತು ಚೆಂಡು ಹಿಡಿಯುತ್ತಿದ್ದವರು ಆಗ ಎರಡೆರಡು ಕೈಗಳ ಅಡ್ಡಿಯ ನಡುವೆ ಹೊಡೆಯುತ್ತಿದ್ದರು. ಎಲೆ ಹಾಸಿತ್ತು, ಜನ ಕೂತಿದ್ದರು, ಹೋಳಿಗೆಯ ತಟ್ಟೆ ಮಾತ್ರ ಒಳಗೇ ಇತ್ತು. ಕೋರ್ಟಿನ ಅಂಚಿನ ಮೇಜಿನಲ್ಲಿ ಕುಳಿತ ಲೆಕ್ಕಿಗನ ಪುಸ್ತಕದಲ್ಲಿ ಇದನ್ನು ಬರೆದುಕೊಳ್ಳಲು ಕಾಲಂ ಇಲ್ಲ.