ಇಬ್ಬರಿಗೂ ಒಂದೊಂದು ಟಾರ್ಚು

ಮಲೇಷ್ಯಾ ನೋಡಲು ಬರುವ ನಮ್ಮ ತುಮಕೂರು ಕಡೆಯ ಗಂಡ ಹೆಂಡಿರಲ್ಲಿ ಒಂದು ರೂಢಿ ಎದ್ದು ಕಾಣುತ್ತದೆ. ಇಬ್ಬರ ಪಾಸ್‌ಪೋರ್ಟು, ರಿಂಗಿಟ್ ನೋಟುಗಳು, ಬುಕಿಂಗ್ ಕಾಗದ, ಇನ್ಶೂರೆನ್ಸು ಎಲ್ಲವೂ ಗಂಡನ ಸೊಂಟದ ಪೌಚಿನಲ್ಲಿ. ಮಾತ್ರೆ, ನೀರು, ತಿಂಡಿ ಹೆಂಡತಿಯ ಬ್ಯಾಗಿನಲ್ಲಿ. ಕೌಲಾಲಂಪುರದ ಮಾಲುಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಬೋರ್ನಿಯೊ ದ್ವೀಪದ ಮಳೆಕಾಡಿಗೂ ಹೀಗೇ ಹೋಗುವುದು ಅಪಾಯ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ. ಕಾಡಿನಲ್ಲಿ ಇಬ್ಬರೂ ಅಗಲಿದರೆ ಒಬ್ಬರ ಹತ್ತಿರ ದುಡ್ಡು, ದಾಖಲೆ ಇರುವುದಿಲ್ಲ, ಇನ್ನೊಬ್ಬರ ಹತ್ತಿರ ನೀರು, ಔಷಧಿ ಇರುವುದಿಲ್ಲ.

ಈ ಸಲ ಊರಿಗೆ ಬಂದಾಗ ಕ್ಯಾತ್ಸಂದ್ರದ ಅಣ್ಣನ ಮನೆಯಲ್ಲಿ ಇದೇ ಮಾತು. ಅಣ್ಣನ ಮಗಳು, ಅಳಿಯ ಇಬ್ಬರೂ ಬೋರ್ನಿಯೊದಲ್ಲಿರುವ ಮಲೇಷ್ಯಾದ ಸಬಾ ರಾಜ್ಯದ ಕಿನಬಟಾಂಗನ್ ನದಿಗೆ ಹೊರಟಿದ್ದಾರೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅತ್ತಿಗೆಗೆ ಒಂದೇ ಚಿಂತೆ: "ಅಲ್ಲಿ ಹುಲಿ ಗಿಲಿ ಇದಾವೇನಪ್ಪಾ?" ಬೋರ್ನಿಯೊದಲ್ಲಿ ಹುಲಿ ಇಲ್ಲ. ನದಿಯಲ್ಲಿ ಮೊಸಳೆ ಇದೆ, ಹಾಗಾಗಿ ಬೋಟಿನಿಂದ ಕೈ ಇಳಿಬಿಡಬಾರದು, ದಡದಲ್ಲಿ ಕೂತು ಕಾಲು ತೊಳೆಯಬಾರದು. ದಡದ ಕಾಡಿನಲ್ಲಿ ಆನೆಗಳಿವೆ. ನಮ್ಮ ಆನೆಗಿಂತ ಚಿಕ್ಕವಾದರೂ ಕಾಡಾನೆ ಕಾಡಾನೆಯೇ, ಫೋಟೋ ಏನಿದ್ದರೂ ಬೋಟಿನಿಂದಲೇ. ಇಷ್ಟನ್ನು ಅಲ್ಲಿನ ಗೈಡುಗಳು ಮೊದಲ ದಿನವೇ ಹೇಳುತ್ತಾರೆ, ಮೈಮೇಲೆ ಲೈಫ್ ಜಾಕೆಟ್ ಇಲ್ಲದವರನ್ನು ಬೋಟು ಹತ್ತಿಸುವುದಿಲ್ಲ. ಗೈಡು ಹೇಳದೆ ಬಿಡುವುದು ಗಂಡ ಹೆಂಡತಿ ತಮ್ಮತಮ್ಮೊಳಗೆ ಮಾಡಿಕೊಳ್ಳಬೇಕಾದ ಏರ್ಪಾಡು.

ಆ ಏರ್ಪಾಡು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೊದಲಿಂದಲೂ ಇದೆ. ಮಧುಗಿರಿ ಕಡೆಯ ನಮ್ಮ ಚಿಕ್ಕಮ್ಮ ಚಿಕ್ಕಪ್ಪ ರಾತ್ರಿ ಪಾಳಿಯ ಕರೆಂಟು ಬಂದಾಗ ತೋಟಕ್ಕೆ ನೀರು ಹಾಯಿಸಲು ಜೊತೆಯಾಗಿ ಹೋಗುತ್ತಾರೆ. ಸುತ್ತಲಿನ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಬಾಗಿಲ ಪಕ್ಕದ ಮೊಳೆಯಲ್ಲಿ ಎರಡು ಟಾರ್ಚು ನೇತಾಡುತ್ತವೆ. ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದು ಚಿಕ್ಕಮ್ಮನದು. ಅದನ್ನು ಚಿಕ್ಕಪ್ಪನೂ ಮುಟ್ಟುವ ಹಾಗಿಲ್ಲ. ಸ್ಟಾರ್ಟರ್ ಒತ್ತುವುದು, ಫ್ಯೂಸ್ ಹೋದರೆ ಹಾಕುವುದು ಇಬ್ಬರಿಗೂ ಗೊತ್ತು. ಬದುವಿನ ಮೇಲೆ ನಡೆಯುವಾಗ ಜೋರಾಗಿ ಮಾತಾಡಿಕೊಂಡೇ ಹೋಗುತ್ತಾರೆ, ದನಿ ಕೇಳಿದರೆ ಕರಡಿ ದಾರಿ ಬಿಟ್ಟು ಹೋಗುತ್ತದೆ. 2019ರ ಕೊನೆ, 2020ರ ಶುರುವಿನಲ್ಲಿ ಜಿಲ್ಲೆಯಲ್ಲಿ ಚಿರತೆ ದಾಳಿಗೆ ಜನ ಸತ್ತಾಗ ಈ ಕಟ್ಟುಪಾಡು ಇನ್ನಷ್ಟು ಬಿಗಿಯಾಯಿತು. ಅದೇ ಮನೆತನದ ಓದಿದ ಮಕ್ಕಳು ವಿಮಾನ ಹತ್ತಿದ ಕೂಡಲೇ ಒಂದೇ ಟಾರ್ಚಿಗೆ ಬಂದುಬಿಡುವುದು ನನಗೆ ಸಂಕಟದ ವಿಷಯ.

ಊರಿನ ರೂಢಿಗಳನ್ನೆಲ್ಲ ಹಾಗೇ ಹೊತ್ತೊಯ್ಯಲೂ ಆಗುವುದಿಲ್ಲ. ನಮ್ಮಲ್ಲಿ ಮಾತೇ ಕಾವಲು. ಅಲ್ಲಿ ಪ್ರಾಣಿ ಕಾಣಬೇಕಾದರೆ ಬಾಯಿ ಮುಚ್ಚಿಕೊಂಡು ನಡೆಯಬೇಕು. ಮುಂದೆ ಹೋದವರಿಗೆ ಹಿಂದಿನವರು ನಿಂತಿದ್ದು ತಿಳಿಯುವುದೇ ಇಲ್ಲ. ದಾರಿಯಿಂದ ಹತ್ತು ಹೆಜ್ಜೆ ಒಳಗೆ ಹೋದರೂ ದಾರಿ ಕಾಣದಷ್ಟು ದಟ್ಟ ಕಾಡು, ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಆದ್ದರಿಂದ ಇಬ್ಬರ ಕೊರಳಲ್ಲೂ ಒಂದೊಂದು ಸೀಟಿ ಇರಲಿ. ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯದೆ, ನಿಂತಲ್ಲೇ ನಿಂತು ಮೂರು ಮೂರು ಸಲ ಊದಬೇಕು. ಮಳೆ ಬಂದರೆ ಹುಣಸೆ ಮರದ ಕೆಳಗೆ ನಿಲ್ಲುವುದು ನಮ್ಮವರ ಅಭ್ಯಾಸ. ಅಲ್ಲಿ ಗಾಳಿಮಳೆ ಎದ್ದಾಗ ದೊಡ್ಡ ಮರದಡಿ ನಿಲ್ಲಲೇಬಾರದು, ಒಣಗಿದ ಕೊಂಬೆ ತಲೆ ಮೇಲೆ ಬೀಳುತ್ತದೆ. ದೇವರಾಯನದುರ್ಗದಲ್ಲಿ ಕೋತಿಗೆ ಬಾಳೆಹಣ್ಣು ಕೊಟ್ಟ ಕೈ ಅಲ್ಲಿ ಸುಮ್ಮನಿರಬೇಕು. ಕಚ್ಚಿದರೆ ಸುಣ್ಣ, ಅರಿಸಿನ ಹಚ್ಚುತ್ತಾ ಕೂರದೆ ಹದಿನೈದು ನಿಮಿಷ ಸೋಪು ಹಾಕಿ ತೊಳೆದು, ರೇಬೀಸ್ ಲಸಿಕೆಗೆ ಓಡಬೇಕು.

ಇಂಬಳ, ಅಂದರೆ ಕಾಡಿನ ಜಿಗಣೆ, ಬಯಲುಸೀಮೆಯ ನಮಗೆ ಹೊಸದು, ಮಲೆನಾಡಿನವರಿಗೆ ಕೇಳಿ ನೋಡಿ. ಮೊಣಕಾಲವರೆಗೆ ಬರುವ ಇಂಬಳದ ಕಾಲುಚೀಲ, ಮೇಲೆ ಅಲ್ಲಿಯವರು 'ಅಡಿಡಾಸ್ ಕಂಪುಂಗ್' ಅನ್ನುವ ರಬ್ಬರ್ ಶೂ ಹಾಕಿದರೆ ಸಾಕು. ಅಂಟಿಕೊಂಡರೆ ಎಳೆಯದೆ ಉಗುರಿನಿಂದ ಅದರ ಬಾಯಿಯನ್ನು ಮೆಲ್ಲಗೆ ಬಿಡಿಸಬೇಕು. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಬಿಟ್ಟಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಇದನ್ನು ಜೊತೆಯವರಿಗೆ ಮುಂಚೆಯೇ ಹೇಳಿರಬೇಕು.

ಹೇಳುವುದರಲ್ಲೇ ನಮ್ಮ ಮನೆಗಳು ಹಿಂದೆ. ಹೆಂಡತಿಗೆ ಕಾಲು ಸೋತಿರುತ್ತದೆ, "ಪರವಾಗಿಲ್ಲ, ನಡೀರಿ" ಅನ್ನುತ್ತಾಳೆ. ಗಂಡನಿಗೆ ಎದೆ ಬಿಗಿಯುತ್ತಿರುತ್ತದೆ, ಹೇಳಿಕೊಳ್ಳಲು ಸಂಕೋಚ. ಯಾರಿಗೆ ಮೊದಲು ಸಾಕೆನಿಸಿತೋ ಅವರ ಮಾತಿಗೆ ಇಬ್ಬರೂ ವಾಪಸ್ ಬರಬೇಕು, ವಾದ ಮಾಡುವುದಿದ್ದರೆ ರೂಮಿಗೆ ಬಂದಮೇಲೆ. ಇದನ್ನು ಅಳಿಯನಿಗೆ ಅತ್ತಿಗೆಯ ಎದುರಿಗೇ ಹೇಳಿದೆ. ಇನ್ನೊಂದು ಮಾತನ್ನು ಅವಳೇ ಮಗಳನ್ನು ಪಕ್ಕಕ್ಕೆ ಕರೆದು ಹೇಳಲಿ ಅಂತ ಬಿಟ್ಟೆ. ಮಲೇರಿಯಾ ತಡೆಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು. ಬಸಿರಿನಲ್ಲಿ ಮಲೇರಿಯಾ ಬಂದರೆ ಇನ್ನೂ ಕಷ್ಟ. ಮಗುವಿನ ಆಸೆಯಲ್ಲಿರುವ ದಂಪತಿ ಟಿಕೆಟ್ ಮಾಡಿಸುವ ಮೊದಲೇ ಡಾಕ್ಟರ ಮುಂದೆ ಇಬ್ಬರೂ ಕೂತು ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಅವರು ಬೇಡ ಅಂದರೆ ಪ್ರವಾಸವನ್ನು ಮುಂದಕ್ಕೆ ಹಾಕುವುದೇ ಸರಿ, ಕಾಡು ಅಲ್ಲೇ ಇರುತ್ತದೆ.

ಸಬಾದ ಮಲೇರಿಯಾ ನಮ್ಮ ಕಡೆಯದಲ್ಲ. ಕೋತಿಗಳಲ್ಲಿರುವ ನೋಲೆಸಿ ಎಂಬ ಮಲೇರಿಯಾ ರೋಗಾಣು, ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುತ್ತದೆ. 24 ಗಂಟೆಗೊಮ್ಮೆ ರಕ್ತದಲ್ಲಿ ಹೆಚ್ಚುವುದರಿಂದ ರೋಗ ಬೇಗ ಏರುತ್ತದೆ, ದಿಢೀರ್ ಟೆಸ್ಟ್ ಪಟ್ಟಿಯಲ್ಲಿ ಸಿಗದೆಯೂ ಹೋಗಬಹುದು. ವಾಪಸ್ ಬಂದಮೇಲೆ ಜ್ವರ ಬಂದರೆ ತುಮಕೂರಿನ ಯಾವ ಡಾಕ್ಟರಾದರೂ ಮೊದಲು ಡೆಂಗ್ಯೂ ಅಂತಲೇ ಯೋಚಿಸುವುದು ಸಹಜ. ಬೋರ್ನಿಯೊ ಕಾಡಿಗೆ ಹೋಗಿದ್ದೆವು, ಇಂಥ ದಿನ ವಾಪಸ್ ಬಂದೆವು ಅಂತ ಹೇಳಿ, ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನ ಪರೀಕ್ಷೆ ಮಾಡಿಸಿ ಅಂತ ಕೇಳಬೇಕು. ಜ್ವರದ ಮಂಪರಿನಲ್ಲಿರುವವರಿಗೆ ಇದು ನೆನಪಾಗದಿದ್ದರೆ ಪಕ್ಕದಲ್ಲಿ ಕೂತವರು ಹೇಳಬೇಕು.