ಎಬಿಎಸ್ ದೀಪ ಹತ್ತಿದ ಮಾತ್ರಕ್ಕೆ ಮಾಡ್ಯೂಲ್ ಹೋಗಿಲ್ಲ: ಸ್ಪಷ್ಟನೆ

ಹಳೇ ಎಸ್‌ಯುವಿಯಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಸಸ್ಪೆನ್ಷನ್ ದೀಪಗಳು ಒಟ್ಟಿಗೆ ಹತ್ತಿದರೆ ಎಬಿಎಸ್ ಮಾಡ್ಯೂಲ್ (ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಬದಲಿಸಲೇಬೇಕು ಎಂಬ ಮಾತು ಚಿಕ್ಕಮಗಳೂರಿನ ಕಡೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅದು ತಪ್ಪು, ದುಬಾರಿ ತಪ್ಪು.

ಮೊದಲು ಬ್ಯಾಟರಿ ಅಳೆಯಿರಿ. ಇಂಜಿನ್ ಆಫ್ ಇದ್ದಾಗ 12.4ರಿಂದ 12.7 ವೋಲ್ಟ್, ಆನ್ ಇದ್ದಾಗ 13.8ರಿಂದ 14.5 ಇರಬೇಕು. ವೋಲ್ಟೇಜ್ ಕುಸಿದರೂ ಎರಡೂ ದೀಪ ಹತ್ತಬಹುದು.

ಅದು ಸರಿಯಿದ್ದರೆ ಚಕ್ರದ ಸ್ಪೀಡ್ ಸೆನ್ಸರ್ ನೋಡಿ. ತೋಟದ ರಸ್ತೆಯ ಕೆಸರು ತುದಿಗೆ ಮೆತ್ತಿಕೊಂಡಿರಬಹುದು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಬಾಗುವ ಜಾಗದಲ್ಲಿ ವೈರಿನ ಹೊರಕವಚ ಚೆನ್ನಾಗಿದ್ದರೂ ಒಳಗೆ ತಾಮ್ರ ತುಂಡಾಗಿರಬಹುದು. ಮಲ್ಟಿಮೀಟರಿನಲ್ಲಿ ಅಳೆದರೆ ಹಳೇ ಮ್ಯಾಗ್ನೆಟಿಕ್ ಸೆನ್ಸರ್ ಸಾಮಾನ್ಯವಾಗಿ 800ರಿಂದ 2,000 ಓಮ್ ತೋರಿಸುತ್ತದೆ. ವೈರು ಅಲ್ಲಾಡಿಸಿದಾಗ ರೀಡಿಂಗ್ ಹಾರಿದರೆ ದೋಷ ಅಲ್ಲೇ ಇದೆ.

ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ದಯವಿಟ್ಟು ಚಾರ್ಮಾಡಿ ಘಾಟಿ ಇಳಿಯಬೇಡಿ. ಗಾಡಿ ನಿಲ್ಲಿಸಿ, ಬ್ರೇಕ್ ಆಯಿಲ್ ಮಟ್ಟ ನೋಡಿ.