ಕರುಳಿನ ಕ್ಯಾನ್ಸರ್ ಏರಿಳಿತಕ್ಕೆ ಬದುಕಿನ ರೀತಿಯೇ ಮುಖ್ಯ ಕಾರಣವೇ?

ಪರ: ಹೌದು, ಕಾರಣ ಅಲ್ಲೇ ಇದೆ

ಒಂದು ಜನಾಂಗದ ಜೀನ್‌ಗಳು ಬದಲಾಗಲು ಸಾವಿರಾರು ವರ್ಷ ಬೇಕು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಪ್ರಮಾಣ ಏರಲು ಒಂದೆರಡು ತಲೆಮಾರು ಸಾಕು. ನನ್ನ ವಾದ ನಿಂತಿರುವುದೇ ಇದರ ಮೇಲೆ.

ಜಪಾನಿನಿಂದ ಹವಾಯಿಗೆ ವಲಸೆ ಹೋದವರನ್ನು ನೋಡಿ. ಆ ಕಾಲದ ಜಪಾನಿನಲ್ಲಿ ಜಠರದ ಕ್ಯಾನ್ಸರ್ ಜಾಸ್ತಿ, ಕರುಳಿನದು ಕಡಿಮೆ. ಹವಾಯಿಗೆ ಬಂದವರಲ್ಲಿ ಮತ್ತು ಅವರ ಮಕ್ಕಳಲ್ಲಿ ಕರುಳಿನ ಕ್ಯಾನ್ಸರ್ ಏರುತ್ತಾ ಹೋಗಿ, ಅಲ್ಲಿನ ಬಿಳಿಯರ ಮಟ್ಟ ಮುಟ್ಟಿತು. ವಂಶ ಅದೇ, ನೆಲ ಮತ್ತು ಊಟ ಬೇರೆ. ಮುಂದೆ ಜಪಾನಿನಲ್ಲೇ ಉಳಿದವರ ಊಟವೂ ಬದಲಾಯಿತು. ಮಾಂಸ, ಕೊಬ್ಬು ಹೆಚ್ಚಿತು. ಈ ಕ್ಯಾನ್ಸರ್ ಅಲ್ಲೂ ಹೆಚ್ಚಿತು.

ವಲಸೆಯ ಲೆಕ್ಕ ಸಾಲದು ಅನ್ನುವವರು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ಅಮೆರಿಕದ 20 ಕಪ್ಪು ಜನ, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ. ಮೊದಲ ಗುಂಪಿನ ಸಮುದಾಯದಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ 65ರಷ್ಟು, ಎರಡನೆಯದರಲ್ಲಿ 5ಕ್ಕಿಂತ ಕಡಿಮೆ. ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದವರಿಗೆ ನಾರಿನಂಶ ದಿನಕ್ಕೆ ಸುಮಾರು 14 ಗ್ರಾಂ ಇದ್ದದ್ದು 55 ಗ್ರಾಂ ಆಯಿತು, ಕೊಬ್ಬು ಅರ್ಧಕ್ಕಿಂತ ಕೆಳಗಿಳಿಯಿತು. ಅವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನಾರಿನಿಂದ ತಯಾರಿಸುವ, ಕರುಳಿಗೆ ಒಳ್ಳೆಯದಾದ ಬ್ಯುಟಿರೇಟ್ ಹೆಚ್ಚಿತು, ಒಳಪೊರೆಯ ಉರಿಯೂತ ಇಳಿಯಿತು. ಆಫ್ರಿಕಾದವರ ಕರುಳಿನಲ್ಲಿ ಆದದ್ದು ಸರಿಯಾಗಿ ಉಲ್ಟಾ. ಬರೀ ಎರಡು ವಾರದಲ್ಲಿ!

ಅದೇ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಸಾಸೇಜ್, ಬೇಕನ್ ಥರದ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಿತು. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಸುಮಾರು 18% ಹೆಚ್ಚು. ಮದ್ಯ, ಸಿಗರೇಟು, ಬೊಜ್ಜು, ಕೂತೇ ಕಳೆಯುವ ದಿನಗಳು, ಇವೆಲ್ಲ ಇದರ ಜೊತೆ ಸೇರುತ್ತವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ಹುಟ್ಟಿಸುವುದು ಚಿಕ್ಕ ವಯಸ್ಸಿನವರ ಲೆಕ್ಕ. ಅಮೆರಿಕದಲ್ಲಿ 1990ರ ಆಸುಪಾಸು ಹುಟ್ಟಿದವರಿಗೆ, 1950ರ ಸುಮಾರಿಗೆ ಹುಟ್ಟಿದವರು ಅದೇ ವಯಸ್ಸಿನಲ್ಲಿದ್ದಾಗ ಇದ್ದದ್ದಕ್ಕಿಂತ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಎರಡು ಪಟ್ಟು, ಗುದನಾಳದ್ದು ನಾಲ್ಕು ಪಟ್ಟು. ಈ ನಲವತ್ತು ವರ್ಷದಲ್ಲಿ ಮನುಷ್ಯರ ಜೀನ್ ಬದಲಾಗಿಲ್ಲ. ಬಾಲ್ಯದಿಂದಲೇ ಬದುಕುವ ರೀತಿ ಬದಲಾಗಿದೆ.

ವಿರೋಧ: ಹುಡುಕಿದಷ್ಟೇ ಸಿಗುತ್ತದೆ

ಊಟದ ಕಥೆ ನಂಬೋದು ಸುಲಭ. ಆದರೆ ಅದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದಾಗ ಏನಾಯಿತು? ಅಮೆರಿಕದಲ್ಲಿ, ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು) ತೆಗೆಸಿಕೊಂಡಿದ್ದ ಸುಮಾರು 2,000 ಜನರ ಪ್ರಯೋಗ ನಡೆಯಿತು. ಒಂದು ಗುಂಪಿನವರು ನಾಲ್ಕು ವರ್ಷ ಕೊಬ್ಬು ಕಡಿಮೆ, ನಾರು, ಹಣ್ಣು, ತರಕಾರಿ ಜಾಸ್ತಿ ತಿಂದರು. ಹಾಗಿದ್ದೂ ಪಾಲಿಪ್ ಮತ್ತೆ ಬರುವುದು ಕಡಿಮೆಯಾಗಲಿಲ್ಲ. ಈ ಫಲಿತಾಂಶ 2000ದಲ್ಲಿ ಬಂತು. 2006ರಲ್ಲಿ ಸುಮಾರು 49,000 ಮಹಿಳೆಯರ ಇನ್ನೊಂದು ಪ್ರಯೋಗ ಹೊರಬಂತು. ಕೊಬ್ಬು ಕಡಿಮೆ ಮಾಡಿದವರಲ್ಲೂ ಸುಮಾರು ಎಂಟು ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಇಳಿಯಲಿಲ್ಲ. ಎರಡು ವಾರದ ಉರಿಯೂತದ ಅಳತೆಗಿಂತ ಇವು ನನಗೆ ದೊಡ್ಡ ಸಾಕ್ಷಿ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಈ ಕ್ಯಾನ್ಸರ್‌ನ ಒಟ್ಟು ಪ್ರಮಾಣ 1980ರ ದಶಕದ ಮಧ್ಯದಿಂದ ಇಳಿಯುತ್ತಾ ಬಂದಿದೆ. ಅದೇ ವರ್ಷಗಳಲ್ಲಿ ಬೊಜ್ಜು ಏರುತ್ತಲೇ ಇತ್ತಲ್ವಾ? ಬದುಕಿನ ರೀತಿಯೇ ಮುಖ್ಯ ಅನ್ನುವುದಾದರೆ ಈ ಇಳಿಕೆ ಹೇಗೆ? ಸಿಗರೇಟು ಬಿಟ್ಟವರ ಪಾಲೂ ಇದರಲ್ಲಿದೆ, ಒಪ್ಪೋಣ. ಆದರೆ ತಪಾಸಣೆ ಮಾಡಿದ ಕೆಲಸ ದೊಡ್ಡದು. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವಾಗ, ಪಾಲಿಪ್ ಕಂಡರೆ ಅಲ್ಲೇ ಕತ್ತರಿಸುತ್ತಾರೆ. ಅದು ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಸಮಯ ಬೇಕಾಗಿರುವುದರಿಂದ ತಡೆಯಲು ಸಮಯ ಸಿಗುತ್ತದೆ.

ಲೆಕ್ಕ ಹೇಗೆ ಕುಣಿಯುತ್ತದೆ ಅನ್ನೋದಕ್ಕೆ ನೆದರ್‌ಲ್ಯಾಂಡ್ಸ್ ಒಳ್ಳೆಯ ಉದಾಹರಣೆ. 2014ರಲ್ಲಿ ಅಲ್ಲಿ 55ರಿಂದ 75ರ ವಯಸ್ಸಿನವರಿಗೆ ಮಲ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಹೋಗಲು ಶುರುವಾಯಿತು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಕೊಲೊನೋಸ್ಕೋಪಿಗೆ ಕರೆ. ತಕ್ಷಣ ದೇಶದಲ್ಲಿ ಕರುಳಿನ ಕ್ಯಾನ್ಸರ್ ಸಂಖ್ಯೆ ಜಿಗಿಯಿತು, ಕೆಲವು ವರ್ಷದಲ್ಲಿ ಇಳಿಯಿತು. ಊಟ ಬದಲಾಗಿರಲಿಲ್ಲ. ನಾಳೆ ಬರಬೇಕಿದ್ದ ರೋಗಿಗಳು ಇವತ್ತೇ ಸಿಕ್ಕರು, ಆಮೇಲೆ ಪಾಲಿಪ್ ತೆಗೆದದ್ದರ ಫಲ ಕಂಡಿತು. ಆ ಏರಿಕೆಯ ವರ್ಷವನ್ನು ಬೇರೆ ದೇಶದ ಜೊತೆ ಹೋಲಿಸಿದರೆ ತಪ್ಪು ತೀರ್ಮಾನ ಖಂಡಿತ. ಕ್ಯಾನ್ಸರ್ ನೋಂದಣಿಯೇ ಸರಿಯಾಗಿ ಇಲ್ಲದ ದೇಶಗಳು ಪಟ್ಟಿಯ ಕೆಳಗೆ ಕಾಣುವುದಕ್ಕೂ ಇದೇ ಕಾರಣದ ಒಂದು ಪಾಲು ಇದೆ.

ಚಿಕ್ಕವರಲ್ಲಿನ ಏರಿಕೆ ನಿಜ. ಅಮೆರಿಕದಲ್ಲಿ 50ರ ಒಳಗಿನವರ ಸಾವೂ ಏರಿದೆ, ಅದನ್ನು ಬರೀ ಪರೀಕ್ಷೆಯ ತಲೆಗೆ ಕಟ್ಟಲಾಗದು. ಆದರೆ ಅದಕ್ಕೆ ಊಟವೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ. 2025ರಲ್ಲಿ 11 ದೇಶಗಳ 981 ರೋಗಿಗಳ ಗೆಡ್ಡೆಗಳನ್ನು ನೋಡಿದಾಗ, ಕೆಲವು ಇ. ಕೋಲಿ ಬ್ಯಾಕ್ಟೀರಿಯಾ ಬಿಡುವ ಕೊಲಿಬ್ಯಾಕ್ಟಿನ್ ವಿಷ ಡಿಎನ್‌ಎ ಮೇಲೆ ಮಾಡಿದ ಹಾನಿಯ ಗುರುತು 40 ದಾಟದವರಲ್ಲಿ, 70 ದಾಟಿದವರಿಗಿಂತ ಮೂರು ಪಟ್ಟಿಗೂ ಜಾಸ್ತಿ ಕಂಡಿತು. ಬಹುಶಃ ಬಾಲ್ಯದಲ್ಲೇ ಬಿದ್ದ ಗಾಯ ಅದು.

ಅದರಿಂದ ನನ್ನ ಒತ್ತಾಯ ತಪಾಸಣೆಯ ಕಡೆಗೆ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿದವರಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವುದು 33% ಕಡಿಮೆಯಾದದ್ದು 1993ರಲ್ಲೇ ಗೊತ್ತಾಯಿತು. 2021ರಲ್ಲಿ ಅಮೆರಿಕ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. 38ನೇ ವಯಸ್ಸಿನಲ್ಲಿ ಮಲದಲ್ಲಿ ರಕ್ತ ಕಂಡವರು ಈ ಯಾವ ಯೋಜನೆಯಲ್ಲೂ ಬರುವುದಿಲ್ಲ. ಅವರನ್ನು ಮೂಲವ್ಯಾಧಿ ಇರಬೇಕು ಎಂದು ಪರೀಕ್ಷಿಸದೇ ಕಳಿಸುವುದು ಮೊದಲು ನಿಲ್ಲಬೇಕು.